ಬಿಳಿ ಗುರುತಿನ ಮೇಲೆ ನೀರು

ಎರೋನಿ ಗೇಲಿ ಮಾಡುವುದನ್ನು ನಿಲ್ಲಿಸಿಬಿಟ್ಟಿದ್ದ. ಲಾರಿ ಕೆಟ್ಟು ನಿಂತ ಮೇಲೆ ಹೀಗಾಗಿದೆ ಎಂದು ಊರಿನವರು ತಿಳಿದಿದ್ದರು. ಪೆನಿಯಾಸಿಗೆ ಮಾತ್ರ ಅದು ಇನ್ನೂ ಮುಂಚಿನದು ಅನ್ನಿಸುತ್ತಿತ್ತು. ಸೋದರತ್ತೆ ಅಕೋಸಿತ ತೀರಿಕೊಂಡ ದಿನದಿಂದಲೇ ಅವನ ನಾಲಿಗೆ ಕಟ್ಟಿಹೋಗಿತ್ತು. ತಾಯಿಯನ್ನು ಕಳೆದುಕೊಂಡವನು, ಸ್ವಲ್ಪ ದಿನ ಹಾಗೇ ಇರಲಿ ಎಂದು ಆಗ ಪೆನಿಯಾಸಿಯೂ ಸುಮ್ಮನಿದ್ದ.

ಎರೋನಿಯ ತಾಯಿ ಪೆನಿಯಾಸಿಯ ಅಪ್ಪನ ಒಡಹುಟ್ಟಿದ ತಂಗಿ. ಹಾಗಾಗಿ ಇವರಿಬ್ಬರೂ ಭಾವಂದಿರು. ಭಾವಂದಿರು ಎದುರುಬದುರಾದರೆ ಒಬ್ಬರ ಕಾಲು ಒಬ್ಬರು ಎಳೆಯಲೇಬೇಕು. ಎಳೆಯದೆ ಮುಂದೆ ಹೋದರೆ ಏನೋ ಮುನಿಸಿದೆ ಎಂದೇ ಲೆಕ್ಕ. ಲಾರಿ ಊರಿಗೆ ಬಂದ ದಿನ ಎರೋನಿ ಹೊಳೆಯಾಚೆಯ ತನ್ನ ಊರಿಂದ ಓಡಿಬಂದು, ಅದನ್ನು ಸುತ್ತುಹಾಕಿ, ಒಂದೊಂದು ಚಕ್ರಕ್ಕೂ ಬೆರಳಿಂದ ತಟ್ಟಿ, ಇಡೀ ಊರಿಗೆ ಕೇಳುವ ಹಾಗೆ ಹೇಳಿದ್ದ: "ಭಾವ, ಅಷ್ಟು ವರ್ಷ ಮರಳುಗಾಡಲ್ಲಿ ಕಾವಲು ನಿಂತು ಕೊನೆಗೆ ತಂದಿದ್ದು ಇದನ್ನೇನೋ? ಹೆಂಡ್ತಿಗಿಂತ ಜಾಸ್ತಿ ಇದರ ಮೈ ತೊಳಿಸ್ತೀಯ ಇನ್ಮೇಲೆ."

"ಹಾವುಮೀನು ತಿನ್ನೋ ಊರವನಿಗೆ ಚಕ್ರ ಅಂದ್ರೆ ಭಯ ಇರೋದೇ," ಎಂದಿದ್ದ ಪೆನಿಯಾಸಿ. "ಮುಟ್ಟಿ ನೋಡು ಭಾವ, ಕಚ್ಚಲ್ಲ."

ಫಿಜಿಯ ಪಡೆಯಲ್ಲಿದ್ದಾಗ ಪೆನಿಯಾಸಿ ಪರದೇಶದ ಗಡಿಗಳಲ್ಲಿ, ಪಡೆ ಬಿಟ್ಟ ಮೇಲೆ ಪರದೇಶದ ಗೇಟುಗಳಲ್ಲಿ ಕಾವಲು ಕಾದವನು. ಅವ್ವ ಸತ್ತಾಗಲೂ ಅವನು ಅಲ್ಲೇ ಇದ್ದ. ಸುದ್ದಿ ಬಂದ ಮೇಲೂ ಹೆಗಲ ಮೇಲೆ ಬಂದೂಕು ಹೊತ್ತು ಪಾಳಿ ಮುಗಿಸಿದ್ದ. ಊರಲ್ಲೇ ಇದ್ದು ಬದುಕುವುದಕ್ಕೆ ಅವನಿಗೆ ತೋಚಿದ ದಾರಿ ಈ ಲಾರಿ ಒಂದೇ. ಗುಡ್ಡದ ಊರುಗಳವರು ಬೆಳೆಯುವ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರನ್ನೂ ಕೆಸುವಿನ ಗಡ್ಡೆಯನ್ನೂ ಸುವಾ ಪೇಟೆಗೆ ಇಳಿಸುವುದು, ಸಂಜೆಗೆ ಮನೆಗೆ ಬಂದು ಅಪ್ಪನ ಜೊತೆ ಊಟಕ್ಕೆ ಕೂರುವುದು. ಅಪ್ಪ ಸಕಿಯಾಸಿಗೆ ಮಂಡಿ ಹೋಗಿದೆ. ಇರುವಷ್ಟು ದಿನ ಅವನ ಕಣ್ಣೆದುರಿಗೆ ಇರಬೇಕು. ಲಾರಿ ಓಡುವವರೆಗೆ ಅದು ಆಗುವ ಮಾತು. ಲಾರಿ ನಿಂತರೆ ಮತ್ತೆ ಮರಳುಗಾಡೇ.

ಅಪ್ಪನಿಗೂ ಆ ಲಾರಿಯೆಂದರೆ ಒಂದು ಥರ. ಸಂಜೆಯಾದರೆ ಕೋಲೂರಿಕೊಂಡು ಬಂದು, ಡ್ರೈವರ್ ಪಕ್ಕದ ಸೀಟಿನಲ್ಲಿ ಹತ್ತಿ ಕೂರುತ್ತಿದ್ದ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಪೆನಿಯಾಸಿ ಇನ್ನೂ ಕಿತ್ತಿರಲಿಲ್ಲ. ಅಪ್ಪ ಅತ್ತಿತ್ತ ಸರಿದಾಗ ಅದು ಕರಕರ ಅನ್ನುತ್ತಿತ್ತು. ಕಿಟಕಿ ಗಾಜು ಇಳಿಸಿ, ನಿಂತ ಲಾರಿಯೊಳಗಿಂದ ರಸ್ತೆಯನ್ನೇ ನೋಡುತ್ತಾ ಕೂತಿರುತ್ತಿದ್ದ ಅವನು ಒಂದು ಸಲ ಕೇಳಿದ್ದ: "ಇದು ನಮ್ಮ ಹೊಳೆ ದಾಟುತ್ತೇನೋ?"

"ಬಿಳಿ ಗುರುತಿನವರೆಗೆ ದಾಟುತ್ತಪ್ಪ. ಗುರುತು ಮುಳುಗಿದ್ರೆ ಇಲ್ಲ."

ಹೊಳೆಗೆ ಕಟ್ಟಿದ್ದ ತಗ್ಗು ಸೇತುವೆಗೆ ತಡೆಗೋಡೆಯಿಲ್ಲ. ನೀರು ಎಷ್ಟೇರಿದೆ ಎಂದು ತಿಳಿಯಲು ದಡದ ಕಂಬವೊಂದಕ್ಕೆ ಬಿಳಿ ಗುರುತು ಬಳಿದಿದ್ದರು. ಅಪ್ಪ ತಲೆಯಾಡಿಸಿದ್ದ.

ಮಾರ್ಚಿನ ಮಳೆ ಹಿಡಿದ ವಾರ ಚರ್ಚಿನ ಹಾಡಿನ ಸ್ಪರ್ಧೆಯಿತ್ತು. ಊರಿನ ಗುಂಪಿನ ಜೊತೆ ಪೆನಿಯಾಸಿ, ಅವನ ಹೆಂಡತಿ ಸೆನಿಮಿಲಿ ಬಸ್ಸಿನಲ್ಲಿ ಸುವಾಕ್ಕೆ ಹೊರಟು ನಿಂತಿದ್ದರು. ಆಗ ಎರೋನಿ ಬಂದು, ಮನೆಯ ತೊಲೆ ಕೊಳೆತಿದೆ, ಮರ ಸಾಗಿಸಬೇಕು, ಲಾರಿ ಬೇಕು ಅಂದ. ಕೇಳಬೇಕಾದ್ದೇ ಇರಲಿಲ್ಲ. ಸೋದರಳಿಯನಿಗೆ ಮಾವನ ಮನೆಯಲ್ಲಿ ಇಲ್ಲ ಅನ್ನುವ ಮಾತೇ ಇಲ್ಲ. ಹಂದಿ ಬೇಕೆಂದರೆ ಹಂದಿ, ಚಾಪೆ ಬೇಕೆಂದರೆ ಚಾಪೆ. ಕೇಳಿದ್ದೇ ಅವನ ದೊಡ್ಡತನ. ಪೆನಿಯಾಸಿ ಕೀಲಿಕೈ ಎಸೆದು ಹೇಳಿದ: "ಹೊಳೆ ಮಾತ್ರ ನೋಡ್ಕೋ ಭಾವ. ಬಿಳಿ ಗುರುತು ಮುಳುಗಿದ್ರೆ ನಿಲ್ಲಿಸಬೇಕು. ಯಾರು ಸತ್ತರೂ ದಾಟಬಾರದು."

ಬಸ್ಸಿನಲ್ಲಿದ್ದವರು ನಕ್ಕಿದ್ದರು. ಎರೋನಿಯೂ ನಕ್ಕಿದ್ದ.

ಅತ್ತೆ ತೀರಿಕೊಂಡ ಸುದ್ದಿ ಬಂದು ಪೆನಿಯಾಸಿ ಮರುದಿನ ಮಧ್ಯಾಹ್ನ ಊರು ತಲುಪುವಷ್ಟರಲ್ಲಿ ನೀರು ಇಳಿದಿತ್ತು. ಹಿಂದಿನ ದಿನ ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ನಗುತ್ತಾ ನಿಂತಿದ್ದ ಅತ್ತೆ ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತಳಂತೆ, ಕತ್ತಲಾಗುವ ಮುಂಚೆ ಹೋದಳಂತೆ. ಹೊಳೆಯಾಚೆಯ ಮನೆಯಲ್ಲಿ ಹೆಣದ ತಲೆದೆಸೆಯಿಂದ ದೂರ, ಬಾಗಿಲ ಕಂಬಕ್ಕೆ ಬೆನ್ನುಕೊಟ್ಟು ಅಪ್ಪ ಕೂತಿದ್ದ. ಬುದ್ಧಿ ಬಂದಾಗಿನಿಂದ ಅವನು ಈ ತಂಗಿಯ ಜೊತೆ ನೇರವಾಗಿ ಮಾತಾಡಿದವನಲ್ಲ. ಅಣ್ಣ ತಂಗಿಯರ ಮರ್ಯಾದೆ ಅದು. ಅವಳು ಒಂದು ಬಾಗಿಲಿಂದ ಒಳಗೆ ಬಂದರೆ ಅವನು ಇನ್ನೊಂದರಿಂದ ಹೊರಗೆ ಹೋಗುತ್ತಿದ್ದ. ಆದರೆ ಪ್ರತಿ ವರ್ಷ ಮೊದಲು ಕಿತ್ತ ಗೆಣಸು ಅವಳ ಮನೆಗೆ ಹೋಗದೆ ಇವನ ಒಲೆಗೆ ಬೀಳುತ್ತಿರಲಿಲ್ಲ. ಕೊನೆಯುಸಿರು ಹೋಗುವಾಗ ಅಣ್ಣ ಇದ್ದ, ಬೆನ್ನು ತಿರುಗಿಸಿ ಕೂತಿದ್ದ, ಅವನ ಕೆಮ್ಮು ಕೇಳಿ ಅವಳು ಕಣ್ಣು ಮುಚ್ಚಿದಳು ಎಂದು ಹೆಂಗಸರು ಹೇಳಿದರು. ಸದ್ಯ, ಅಪ್ಪ ಇದ್ದನಲ್ಲ ಎಂದು ಪೆನಿಯಾಸಿಗೆ ಸಮಾಧಾನವಾಯಿತು. ಹೇಗೆ ಬಂದ ಎಂದು ಅವನು ಕೇಳಲಿಲ್ಲ. ಸಾವಿನ ಮನೆಯಲ್ಲಿ ಯಾರು ಕೇಳುತ್ತಾರೆ?

ಲಾರಿ ಅಂಗಳದ ಅಂಚಿಗೆ ನಿಂತಿತ್ತು. ಮೈಯೆಲ್ಲ ತೊಳೆದು ಫಳಫಳ ಅನ್ನುತ್ತಿತ್ತು. ಸೀಟಿನ ಪ್ಲಾಸ್ಟಿಕ್ ಕಿತ್ತುಹಾಕಿದ್ದು ಕಂಡು ಕ್ಷಣಕಾಲ ಅವನಿಗೆ ಕಿರಿಕಿರಿಯಾಯಿತು. ಆಮೇಲೊಂದು ದಿನ ಇಂಜಿನ್ ಎಣ್ಣೆ ನೋಡಲು ಕಡ್ಡಿ ಎಳೆದರೆ, ಜೇನಿನ ಬಣ್ಣದ ಹೊಸ ಎಣ್ಣೆ. ಇನ್ನೂ ಬದಲಿಸುವ ಹೊತ್ತೇ ಆಗಿರಲಿಲ್ಲ. ಎರೋನಿ ಬದಲಿಸಿದ್ದಾನೆ, ಅದೂ ಪ್ರೀತಿಯೇ ಅಂದುಕೊಂಡ.

ಅತ್ತೆಯ ತಿಥಿಯೂಟ ಮುಗಿದು ಕೆಲವು ವಾರ ಲಾರಿ ಚೆನ್ನಾಗಿಯೇ ಓಡಿತು. ಆಮೇಲೊಂದು ಬೆಳಿಗ್ಗೆ ಯಂಗೋನದ ಚೀಲ ಹೇರಿಕೊಂಡು ಏರು ಹತ್ತುವಾಗ ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂಥ ಸದ್ದು. ಪೆನಿಯಾಸಿ ಕಾಲು ತೆಗೆಯುವುದರೊಳಗೆ ಎರಡನೆಯ ಏಟು. ರಸ್ತೆಯ ಮೇಲೆ ಎಣ್ಣೆ ಹರಿದು ಇಳಿಜಾರು ಹಿಡಿಯಿತು. ಅವನು ಇಳಿದು ಬಗ್ಗಿ ನೋಡಿದ. ಇಂಜಿನ್ನಿನ ಪಕ್ಕೆಯಲ್ಲಿ ಕೈ ತೂರುವಷ್ಟು ತೂತು. ಅದರಾಚೆ ಒಳಗಿನ ಕಬ್ಬಿಣ ಮುರಿದ ಮೂಳೆಯಂತೆ ಹೊರಗೆ ಇಣುಕುತ್ತಿತ್ತು.

ಲಾರಿ ಮಾರಿದ ಕಂಪನಿಯ ಗ್ಯಾರೇಜಿಗೆ ಅದನ್ನು ಎಳೆದುಕೊಂಡು ಹೋದರು. ಅಲ್ಲಿನ ಹಿರಿಯ ಮೆಕ್ಯಾನಿಕ್ ಗೋಪಾಲ್‌ಸಾಮಿ ಇಂಜಿನ್ ಬಿಚ್ಚಿ, ಪೆನಿಯಾಸಿಯನ್ನು ಪಕ್ಕಕ್ಕೆ ಕರೆದು, ಬಟ್ಟೆಯ ಮೇಲೆ ಹರಡಿದ ತುಂಡುಗಳನ್ನು ತೋರಿಸಿದ. ಮುರಿಯದೆ ಉಳಿದ ಪಿಸ್ಟನ್ ರಾಡುಗಳಲ್ಲಿ ಇನ್ನೊಂದೂ ಸ್ವಲ್ಪ ಬಾಗಿತ್ತು.

"ನೀರು ಕುಡಿದಿದೆ ಅಣ್ಣ," ಎಂದ ಅವನು. "ಕುಡಿದ ದಿನವೇ ಸಾಯಲಿಲ್ಲ. ಒಳಗೆ ರಾಡು ಬಾಗಿತು. ಬಾಗಿದ್ದರಲ್ಲೇ ಇಷ್ಟು ದಿನ ದುಡಿದಿದೆ, ಪಾಪ."

ಹೊಸ ಲಾರಿಯಲ್ಲವೇ, ಕಂಪನಿಯವರು ಹೊಣೆ ಹೊರಬೇಕಲ್ಲವೇ ಎಂದು ಪೆನಿಯಾಸಿ ಒಳಗೆ ಹೋಗಿ ಕೇಳಿದ. ಅಲ್ಲಿದ್ದ ಹುಡುಗಿ ಮೆತ್ತಗೆ, ತಯಾರಿಕೆಯ ದೋಷಕ್ಕೆ ನಾವು ಹೊಣೆ, ಹೊಳೆಗಲ್ಲ ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವನಿಗೆ ದಾರಿ ಉಳಿಯಲಿಲ್ಲ. ಇಂಜಿನ್ ತುಂಡುಗಳನ್ನು ಲಾರಿಯ ಹಿಂಭಾಗಕ್ಕೇ ಹಾಕಿಸಿಕೊಂಡು, ಮತ್ತೊಂದು ಲಾರಿಗೆ ಕಟ್ಟಿ ಎಳೆಸಿಕೊಂಡು ಊರಿಗೆ ವಾಪಸಾದ. ದಾರಿಯುದ್ದಕ್ಕೂ ಸ್ಟಿಯರಿಂಗ್ ಹಿಡಿದು ಕೂತಿದ್ದ ಅವನಿಗೆ ಮುಂದಿನ ಲಾರಿಯ ಹಿಂಬದಿಯಷ್ಟೇ ಕಾಣುತ್ತಿತ್ತು. ತಾನು ಗುರುತು ಮುಳುಗಿದಾಗ ಒಂದು ಸಲವೂ ಹೊಳೆಗೆ ಇಳಿದವನಲ್ಲ. ಬೇರೆ ಕೈಗೆ ಲಾರಿ ಹೋದದ್ದು ಒಂದೇ ಸಲ.

ಲಾರಿಯನ್ನು ದೀವಿಹಲಸಿನ ಮರದ ಕೆಳಗೆ ನಿಲ್ಲಿಸಿದರು. ಆಮೇಲೆ ಕಾಯುವುದು ಶುರುವಾಯಿತು.

ಇಂಥದ್ದಕ್ಕೆ ಒಂದು ಕ್ರಮವಿದೆ. ನೊಂದವನು ಬಾಯಿಬಿಟ್ಟು ಕೇಳಬಾರದು. ತಪ್ಪಿದವನು ತಿಮಿಂಗಿಲದ ಹಲ್ಲನ್ನು ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಬರಬೇಕು. ಹಲ್ಲು ಮುಟ್ಟಿದರೆ ಮಾತು ಮಣ್ಣಾಯಿತು. ಮತ್ತೆ ಯಾರೂ, ಹೆಂಡತಿಯ ಕಿವಿಯಲ್ಲಿ ಕೂಡ, ಅದನ್ನು ಎತ್ತುವ ಹಾಗಿಲ್ಲ. ಮುಟ್ಟದೆ ಬಿಟ್ಟರೆ ವೈರ ಮೊಮ್ಮಕ್ಕಳವರೆಗೆ. ಎರೋನಿ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಪೆನಿಯಾಸಿ ಮನಸ್ಸಿನಲ್ಲೇ ದಿನ ದೂಡಿದ. ಎರೋನಿ ಬರಲಿಲ್ಲ. ಚರ್ಚಿನಲ್ಲಿ ಕಂಡರೆ ಹಿಂದಿನ ಬೆಂಚಿಗೆ ಸರಿಯುತ್ತಿದ್ದ. ದಾರಿಯಲ್ಲಿ ಸಿಕ್ಕರೆ "ಮಳೆ ಬರೋ ಹಾಗಿದೆ" ಅನ್ನುತ್ತಿದ್ದ. ಭಾವನಿಗೆ ಭಾವ ಆಡುವ ಮಾತೇ ಅದು? ಯಾರೋ ದಾರಿಹೋಕನಿಗೆ ಆಡುವ ಮಾತು.

ಸೆನಿಮಿಲಿ ಅನ್ನುವುದನ್ನು ಅಂದಳು. ಮರಗೆಣಸಿನ ಸಿಪ್ಪೆ ಹೆರೆಯುತ್ತಾ, ಇವನ ಕಡೆ ನೋಡದೆ, "ನಿಮ್ಮ ಭಾವನಿಗೆ ಈ ಊರಲ್ಲಿ ಎಲ್ಲಾನೂ ತಗೊಳ್ಳೋ ಹಕ್ಕಿದೆ, ತಪ್ಪು ಒಪ್ಕೊಳ್ಳೋ ಹಕ್ಕಿಲ್ವಾ?" ಎಂದಳು. ಮನೆಯೊಳಗೆ ಅಪ್ಪ ಕೆಮ್ಮಿದ. ಅಪ್ಪ ಈಚೆಗೆ ಹೊರಗೆ ಬರುತ್ತಲೇ ಇರಲಿಲ್ಲ. ಲಾರಿಯ ಹತ್ತಿರ ಸುಳಿದವನೇ ಅಲ್ಲ. ಅದರ ಬಗ್ಗೆ ಒಂದು ಮಾತು ಕೇಳಿದವನೂ ಅಲ್ಲ. ತಂಗಿ ಹೋದ ದುಃಖ, ವಯಸ್ಸು, ಮಂಡಿ ನೋವು ಎಂದು ಪೆನಿಯಾಸಿ ಕಾರಣಗಳನ್ನು ಹೊಂದಿಸಿಕೊಂಡಿದ್ದ. ಪಕ್ಕದ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆಯಿಡಲು ಶುರುಮಾಡಿತು.

ಸುವಾದಿಂದ ಹಳೆಯ ಗೆಳೆಯನೊಬ್ಬ ಫೋನು ಮಾಡಿದ. ಮರಳುಗಾಡಿನ ಎಣ್ಣೆ ಬಾವಿಗಳ ಕಾವಲಿಗೆ ಮತ್ತೆ ಜನ ತೆಗೆದುಕೊಳ್ಳುತ್ತಿದ್ದಾರೆ, ಹಳಬರಿಗೆ ಮೊದಲ ಅವಕಾಶ. ಯೋಚಿಸಿ ಹೇಳುತ್ತೇನೆ ಎಂದ ಪೆನಿಯಾಸಿ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎರೋನಿ ಬಂದದ್ದು ಒಂದು ಶನಿವಾರ ಸಂಜೆ, ಬಿಸಿಲು ಇನ್ನೂ ಗುಡ್ಡದ ಮೇಲಿರುವಾಗ. ಜೊತೆಗೆ ಅವನ ದೊಡ್ಡಪ್ಪ. ಊರಿನ ಹಿರಿಯರು ಸುದ್ದಿ ತಿಳಿದು ಮೊದಲೇ ಬಂದು ಚಾಪೆಯ ಮೇಲೆ ಕೂತಿದ್ದರು. ಅಪ್ಪ ಎಂದಿನಂತೆ ಮೇಲ್ಗಡೆ, ಮನೆಯ ಹಿರಿಯನ ಜಾಗದಲ್ಲಿ, ಹಿಂಬದಿಯ ಗೋಡೆಗೆ ಒರಗಿದ್ದ. ಯಂಗೋನ ಕುಟ್ಟಿ ಬಟ್ಟಲಿನಲ್ಲಿ ಕಲಸಿ ಇಟ್ಟಿದ್ದರು. ಎರೋನಿ ಕೆಳಗಿನ ಬಾಗಿಲಿಂದ ಬಗ್ಗಿ ಒಳಗೆ ಬಂದು, ಮಂಡಿಯೂರಿಕೊಂಡೇ ಮುಂದೆ ಸರಿದ. ಅಂಗಿಯೊಳಗೆ ಅವುಚಿಕೊಂಡಿದ್ದ ಗಂಟನ್ನು ಇನ್ನೂ ಬಿಚ್ಚಿರಲಿಲ್ಲ. ಮನೆಗೆ ಹಿರಿಯ ಸಕಿಯಾಸಿ. ಹಲ್ಲನ್ನು ಅವನ ಮುಂದೆಯೇ ಇಡಬೇಕು. ಎಲ್ಲರೂ ಆ ಕಡೆ ತಿರುಗಿದರು. ಆಗ ಅಪ್ಪ ಕೈಯೆತ್ತಿ ತಡೆದ.

"ನನಗೆ ಬೇಡ," ಅಂದ. "ಲಾರಿ ಅವನದು. ಮುಟ್ಟೋದು ಬಿಡೋದು ಅವನಿಗೆ ಸೇರಿದ್ದು."

ಹಿರಿಯರು ಮುಖಮುಖ ನೋಡಿಕೊಂಡರು. ಎರೋನಿ ದಿಕ್ಕು ಬದಲಿಸಿ ಪೆನಿಯಾಸಿಯ ಮುಂದೆ ಬಂದು ಬಟ್ಟೆ ಬಿಚ್ಚಿದ. ಎಷ್ಟೋ ಕೈ ಸವರಿ ಸವರಿ ಕಂದು ತಿರುಗಿದ ದೊಡ್ಡ ಹಲ್ಲು. ಅದಕ್ಕೆ ಕಟ್ಟಿದ್ದದ್ದು ತೆಂಗಿನ ನಾರಿನ ಹುರಿಯಲ್ಲ, ಹಸಿರು ಬಣ್ಣದ ಸಿಪಾಯಿ ಹಗ್ಗ.

ಆ ಹಗ್ಗವನ್ನು ಹೆಣೆದವನು ಪೆನಿಯಾಸಿಯೇ. ರಜೆಗೆ ಬಂದಿದ್ದಾಗ, ಅಪ್ಪನ ಪೆಟ್ಟಿಗೆಯಲ್ಲಿದ್ದ ಹಲ್ಲಿನ ನಾರು ಲಡ್ಡಾಗಿದ್ದು ನೋಡಿ, ತನ್ನ ಚೀಲದಿಂದ ಹಗ್ಗ ಬಿಚ್ಚಿ ಹೊಸದು ಕಟ್ಟಿಕೊಟ್ಟಿದ್ದ. ಇದು ಅಪ್ಪನಿಗೆ ಅವ್ವನನ್ನು ಹೆಣ್ಣು ಕೇಳಲು ಹೋದಾಗ ತಾತ ಒಯ್ದಿದ್ದ ಹಲ್ಲಿನ ಜೋಡಿ. ಅಪ್ಪನ ಹಲ್ಲು.

ಪೆನಿಯಾಸಿಗೆ ಸಿಟ್ಟೇರಿತು. ಲಾರಿ ತಗೊಂಡೆ, ಮುರಿದೆ, ಈಗ ಕ್ಷಮೆ ಕೇಳುವುದಕ್ಕೂ ನಮ್ಮ ಮನೆಯ ಹಲ್ಲನ್ನೇ ಕಿತ್ತುಕೊಂಡು ಬಂದೆಯಾ? ಇವನು ಕೇಳಿದರೆ ಅಪ್ಪ ಇಲ್ಲ ಅನ್ನುವ ಹಾಗಿಲ್ಲ. ಕೈಯನ್ನು ತೊಡೆಯ ಮೇಲಿಂದ ಎತ್ತದೆ ಕೂತರೆ ಮುಗಿಯಿತು. ಹಲ್ಲು ಚಾಪೆಯ ಮೇಲೆ ಉಳಿಯುತ್ತದೆ, ಇವನು ಬಂದ ದಾರಿಯಲ್ಲಿ ಹೋಗುತ್ತಾನೆ.

ಎರೋನಿ ಚಾಪೆಗೆ ಹೇಳುವಂತೆ ಹೇಳಿದ: "ಬಿಳಿ ಗುರುತು ಮುಳುಗಿತ್ತು. ದಾಟಬೇಡ ಅಂತ ನೀನು ಹೇಳಿದ್ದೆ. ನಾನು ದಾಟಿದೆ. ನಡುವೆ ನಿಂತುಹೋಯ್ತು, ನಮ್ಮೂರವರು ಹಗ್ಗ ಹಾಕಿ ಎಳೆದರು. ಒಣಗಿಸಿದೆ, ಎಣ್ಣೆ ಬದಲಿಸಿದೆ. ಸರಿಹೋಯ್ತು ಅಂದ್ಕೊಂಡೆ." ಆಮೇಲೆ ಸೇರಿಸಿದ, "ಲಾರಿಯಲ್ಲಿ ನಾನೊಬ್ಬನೇ ಇದ್ದೆ."

ಜೊತೆಗೆ ಯಾರಿದ್ದರು ಎಂದು ಯಾರೂ ಪ್ರಶ್ನಿಸಿರಲಿಲ್ಲ.

ಒಬ್ಬನೇ? ಪೆನಿಯಾಸಿಯ ಸಿಟ್ಟು ಅಲ್ಲೇ ತಡವರಿಸಿತು. ಅತ್ತೆ ಎದೆ ಹಿಡಿದುಕೊಂಡದ್ದು ಮಧ್ಯಾಹ್ನ, ಹೋದದ್ದು ಕತ್ತಲಿಗೆ ಮುಂಚೆ. ಆ ದಿನವೆಲ್ಲ ಮಳೆ. ಅಪ್ಪ ಚರ್ಚಿಗೆ ಹೋಗಬೇಕಾದರೂ ಎರಡು ಕಡೆ ಕೂತು ಸುಧಾರಿಸಿಕೊಳ್ಳುವವನು. ಆ ನೀರಿಗೆ ಕುದುರೆ ಇಳಿಯುವುದಿಲ್ಲ. ಆದರೂ ತಂಗಿಯ ಕೊನೆಯುಸಿರಿನ ಹೊತ್ತಿಗೆ ಅವನು ಹೊಳೆಯಾಚೆಯ ಮನೆಯಲ್ಲಿ ಕಂಬಕ್ಕೆ ಬೆನ್ನುಕೊಟ್ಟು ಕೂತಿದ್ದ.

ಕಣ್ಣಿಗೆ ಕಟ್ಟಿದ ಹಾಗೆ ಎಲ್ಲ ಕಾಣಿಸಿತು. ಈಚೆ ದಡದಲ್ಲಿ ಮರ ಹೇರಿಕೊಂಡು ನಿಂತ ಲಾರಿ. ಆಚೆ ದಡದಿಂದ ಕೂಗಿ ಮುಟ್ಟಿಸಿದ ಸುದ್ದಿ. ಗುರುತು ಮುಳುಗಿದೆ, ನೀರು ಇಳಿಯಲಿ ಅನ್ನುವ ಎರೋನಿ. ಕೋಲೂರಿಕೊಂಡು ಬಂದು, ಯಾರನ್ನೂ ಕೇಳದೆ ಬಾಗಿಲು ತೆಗೆದು, ಪ್ಲಾಸ್ಟಿಕ್ ಹೊದಿಸಿದ ಸೀಟಿನಲ್ಲಿ ಕೂತ ಅಪ್ಪ. ಹೆಚ್ಚು ಮಾತಾಡಿರಲಾರ. ದಾಟು ಅಂದಿರಬೇಕು. ಸೋದರಮಾವನ ಆ ಒಂದು ಮಾತನ್ನು ಮೀರುವ ಅಳಿಯ ಯಾವನಿದ್ದಾನೆ? ಅದೂ ಹೆತ್ತ ತಾಯಿ ಆಚೆ ದಡದಲ್ಲಿರುವಾಗ.

ಅವನು ತಲೆಯೆತ್ತಿ ಮೇಲ್ಗಡೆ ನೋಡಿದ. ಅಪ್ಪ ಹಲ್ಲನ್ನು ನೋಡುತ್ತಿರಲಿಲ್ಲ, ಎರೋನಿಯನ್ನೂ ನೋಡುತ್ತಿರಲಿಲ್ಲ. ಚಾಪೆಯ ಅಂಚಿನ ಒಂದು ಎಳೆಯನ್ನು ಉಗುರಿನಿಂದ ಎಬ್ಬಿಸುತ್ತಾ, ಮತ್ತೆ ಒತ್ತುತ್ತಾ ಇದ್ದ. ಅಪ್ಪನಾದವನು ಮಗನ ಮುಂದೆ ಹಲ್ಲು ಹಿಡಿದು ತಲೆ ತಗ್ಗಿಸುವ ಕ್ರಮ ಈ ನೆಲದಲ್ಲಿ ಇಲ್ಲ. ಹಾಗೆ ಮಾಡಿದರೆ ಮಗನಿಗೇ ಪಾಪ. ಅದಕ್ಕೇ ಇಷ್ಟು ದಿನ ಹಿಡಿಯಿತು. ಮಾವನ ಹೆಸರು ಹೇಳದೆ ತಪ್ಪೊಪ್ಪಿಕೊಳ್ಳಲಾರದೆ ಇವನು, ತಾನೇ ಬರಲಾರದೆ ಅಪ್ಪ. ಕೊನೆಗೆ ತನ್ನ ಪೆಟ್ಟಿಗೆ ತೆಗೆದು, ಮಗ ಕಟ್ಟಿದ ಹಗ್ಗದ ಸಮೇತ ಅಳಿಯನ ಕೈಗಿಟ್ಟಿದ್ದಾನೆ. ಕೊಟ್ಟವನೇ ತಗೊಳ್ಳುವುದು ಹೇಗೆ? ಅದಕ್ಕೇ ಕೈಯೆತ್ತಿ ತಡೆದ.

ಹಿರಿಯರು ಕಾಯುತ್ತಿದ್ದರು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಕೇಳಿದರೆ ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಮುಟ್ಟಿದ ಮೇಲೆ ಅದನ್ನು ಎಂದೆಂದಿಗೂ ಕೇಳುವ ಹಾಗಿಲ್ಲ. ಪೆನಿಯಾಸಿ ಎರಡೂ ಕೈ ಚಾಚಿ ಹಲ್ಲನ್ನು ಎತ್ತಿಕೊಂಡ. ಅದು ಎರೋನಿಯ ಮೈಯ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು.

"ಮುಟ್ಟಿದೀನಿ," ಅಂದ. "ಲಾರಿಯ ಮಾತು ಇಲ್ಲಿಗೆ ಮಣ್ಣಾಯ್ತು. ನಮ್ಮ ಮಕ್ಕಳು ಇದನ್ನ ಅಗೆಯೋದು ಬೇಡ."

ಎಲ್ಲರೂ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು. ಎಲ್ಲರದು ಮುಗಿದ ಮೇಲೆ ಮೇಲ್ಗಡೆಯಿಂದ ಒಂದು ಚಪ್ಪಾಳೆ ತಡವಾಗಿ ಕೇಳಿಸಿತು. ಎರೋನಿ ಮುಖ ಒರೆಸಿಕೊಂಡ. ತೆಂಗಿನ ಚಿಪ್ಪಿನಲ್ಲಿ ಯಂಗೋನ ಸುತ್ತು ಬಂತು. ಪೆನಿಯಾಸಿ ಒಂದೇ ಗುಟುಕಿಗೆ ಕುಡಿದು ಚಿಪ್ಪು ಹಿಂದೆ ಕೊಟ್ಟ. ನಾಲಿಗೆ ಜೋಮು ಹಿಡಿಯಿತು. ಒಳ್ಳೆಯದೇ ಆಯಿತು ಅನ್ನಿಸಿತು.

ಸೋಮವಾರ ಬೆಳಿಗ್ಗೆ ಊರಿನ ಯಂಗೋನವನ್ನು ಕುದುರೆಗಳ ಮೇಲೆ ಹೇರುತ್ತಿದ್ದರು. ಲಾರಿ ಬರುವ ಮುಂಚೆ ಹೀಗೆಯೇ ಬಸ್ಸಿನ ರಸ್ತೆಯವರೆಗೆ ಸಾಗಿಸುತ್ತಿದ್ದದ್ದು. ಪೆನಿಯಾಸಿ ಲಾರಿಯ ಹಿಂಭಾಗದಿಂದ ಹಗ್ಗಗಳನ್ನು ಎತ್ತಿಕೊಡುತ್ತಿದ್ದಾಗ ಅಪ್ಪ ಮನೆಯಿಂದ ಹೊರಗೆ ಬಂದ. ಮೆಟ್ಟಿಲಲ್ಲಿ ಒಂದು ಸಲ ಕೂತು, ಮತ್ತೆ ಎದ್ದು, ದೀವಿಹಲಸಿನ ಮರದವರೆಗೆ ನಡೆದುಬಂದ. ಲಾರಿಯ ಬಾಗಿಲು ತೆಗೆದು ಕೋಳಿಯನ್ನು ಓಡಿಸಿ, ಅಲ್ಲಿದ್ದ ಮೊಟ್ಟೆಯನ್ನು ಸೊಂಟಕ್ಕೆ ಸುತ್ತಿದ ಸುಲುವಿನ ಮಡಿಕೆಯಲ್ಲಿಟ್ಟುಕೊಂಡು ಹತ್ತಿ ಕೂತ. ಪೆನಿಯಾಸಿ ಕೈಯ ಹಗ್ಗ ಕೆಳಗಿಟ್ಟು, ಸುತ್ತಿ ಬಂದು ಸ್ಟಿಯರಿಂಗಿನ ಮುಂದೆ ಕೂತ.

ಅಪ್ಪ ಗಾಜು ಇಳಿಸಿದ. ರಸ್ತೆ ನೋಡಿದ.

"ಮರಳುಗಾಡಿಗೆ ಯಾವಾಗ ಹೋಗ್ತೀಯ?"

ಫೋನಿನ ಸಂಗತಿಯನ್ನು ಪೆನಿಯಾಸಿ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲವೇನೋ. ಲಾರಿ ನಿಂತ ದಿನವೇ ಅಪ್ಪನಿಗೆ ಗೊತ್ತಾಗಿತ್ತು. ಹೊಳೆಯ ನಡುವೆ ನಿಂತಾಗಲೇ ಗೊತ್ತಾಗಿತ್ತೋ ಏನೋ.

"ಗೆಣಸು ಕಿತ್ತ ಮೇಲೆ."

"ಮೊದಲ ಗೆಣಸು ಎರೋನಿ ಮನೆಗೆ ಹೋಗ್ಬೇಕು," ಅಂದ ಅಪ್ಪ. "ಅವಳಿಲ್ಲ ಅಂತ ನಿಲ್ಲಿಸಬಾರದು."

"ನಾನೇ ಹೊತ್ಕೊಂಡು ಹೋಗ್ತೀನಪ್ಪ."

ಕುದುರೆಗಳ ಕಡೆಯಿಂದ ಎರೋನಿ ಕೂಗಿದ. "ಭಾವ, ಕುದುರೆ ಕೇಳ್ತಾ ಇದೆ, ನಿನ್ನ ಹೊಟ್ಟೆನೂ ಹೊರಬೇಕಾ ಅಂತ."

ಅಷ್ಟೇನೂ ಒಳ್ಳೆಯ ಗೇಲಿಯಲ್ಲ. ಆದರೂ ಚೀಲ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಇತ್ತ ತಿರುಗಿದರು. ಉತ್ತರ ಕೊಡಬೇಕು. ಪೆನಿಯಾಸಿ ಕಿಟಕಿಯಿಂದ ತಲೆ ಹಾಕಿ, "ನೀವಿಬ್ಬರೂ ಒಂದೇ ಭಾಷೆ ಆಡ್ತೀರ ಅಂತ ನನಗೆ ಮೊದಲೇ ಅನುಮಾನ ಇತ್ತು ಭಾವ," ಎಂದ. ನಗು ಎದ್ದಿತು. ಎರೋನಿಯೂ ನಕ್ಕ, ನಗುತ್ತಲೇ ಕುದುರೆಯ ಕತ್ತಿನ ಮರೆಗೆ ಸರಿದ.

ಅಪ್ಪ ನಗಲಿಲ್ಲ. ಮುಂದಿನ ಗಾಜಿನ ಕೆಳಗೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿ, ಸರಿಯಾಗಿ ಕೂರಲು ಸೀಟಿನಲ್ಲಿ ಅತ್ತಿತ್ತ ಸರಿದ. ಪ್ಲಾಸ್ಟಿಕ್ ಇಲ್ಲದ ಸೀಟು ಸದ್ದು ಮಾಡಲಿಲ್ಲ.